ಬುಸಾನಿನ ದಂಡೆಯಲ್ಲಿ ಹೇಳಿದ ಒಡಪು

ನಿಮ್ಮ ಅಜ್ಜ ಹೇಳುತ್ತಿದ್ದ ಕೊರಿಯಾದ ಕಥೆ ನಿಮಗೆಲ್ಲ ಬಾಯಿಪಾಠವಾಗಿದೆ. ಮನೆಗೆ ಯಾರೇ ಬಂದರೂ ಚಹಾ ಬರುವುದರೊಳಗೆ ಅವರು ಅದನ್ನು ತೆಗೆಯುತ್ತಿದ್ದರು. ನಾನು ಸಮುದ್ರದ ದಂಡೆಯಲ್ಲಿ, ಮೈಕು ಹಿಡಿದು, ಅಷ್ಟು ಜನರ ನಡುವೆ ಗಂಡನ ಹೆಸರಿಟ್ಟು ಒಡಪು ಹೇಳಿದ ಕಥೆ. ಕೇಳಿದವರು ನಗುವಾಗ ನಾನು ಅಡುಗೆಮನೆಯಲ್ಲಿ ಇಲ್ಲದ ಕೆಲಸ ಹುಡುಕಿಕೊಂಡು ನಿಂತಿರುತ್ತಿದ್ದೆ.

ಅವರು ಹೋಗಿ ಎರಡು ವರ್ಷವಾಯಿತು. ಮೊನ್ನೆ ರಜೆಗೆ ಬಂದಾಗ ಆ ಕಥೆಯನ್ನು ನನ್ನ ಬಾಯಿಂದ ಕೇಳಬೇಕೆಂದು ನೀವು ಹಟ ಹಿಡಿದಿರಿ. ನನಗೆ ಬರಲಿಲ್ಲ. ನಾಚಿಕೆ ಒಂದು ಕಾರಣ. ಇನ್ನೊಂದು ಕಾರಣವೆಂದರೆ, ಅವರು ಹೇಳುತ್ತಿದ್ದುದು ಅರ್ಧ ಕಥೆ. ಬಿಟ್ಟ ಅರ್ಧದಲ್ಲಿ ನನ್ನ ತಪ್ಪಿದೆ. ಅದಕ್ಕೇ ಅವರು ಅದನ್ನು ಬಿಟ್ಟಿದ್ದರು. ಬಾಯಿಂದ ಹೇಳುವುದಕ್ಕಿಂತ ಬರೆಯುವುದು ನನಗೆ ಹಗುರ, ಆದ್ದರಿಂದ ಬರೆಯುತ್ತಿದ್ದೇನೆ. ಸಂತೆಕಲ್ಲೂರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರಗಳು. ತಪ್ಪಿದ್ದರೆ ನೀವು ತಿದ್ದಿಕೊಳ್ಳಿ.

ಮೊದಲು ಒಡಪಿನ ವಿಷಯ ಹೇಳುತ್ತೇನೆ, ನಿಮ್ಮಲ್ಲಿ ಸಣ್ಣವರಿಗೆ ಅದು ಗೊತ್ತಿಲ್ಲ. ನಮ್ಮ ಕಾಲದಲ್ಲಿ ಹೆಂಗಸರು ಗಂಡನ ಹೆಸರನ್ನು ಬರಿದೇ ಬಾಯಲ್ಲಿ ಹೇಳುತ್ತಿರಲಿಲ್ಲ. ಮದುವೆಯಲ್ಲೋ ಬಸುರಿಯ ಕುಬಸದಲ್ಲೋ ನಾದಿನಿಯರು ಬಾಗಿಲು ಅಡ್ಡಗಟ್ಟಿ ‘ಹೆಸರು ಹೇಳು’ ಅಂದಾಗ ಮಾತ್ರ, ಪ್ರಾಸ ಕೂಡುವ ಎರಡು ಸಾಲು ಕಟ್ಟಿ, ಅದರೊಳಗೆ ಹೆಸರನ್ನು ಇಟ್ಟು ಹೇಳುವುದು. ಅದೇ ಒಡಪು. ನನ್ನನ್ನು ಸಿಂಧನೂರಿನ ಮನೆ ತುಂಬಿಸಿಕೊಂಡ ದಿನ ನಾನು ಹೊಸ್ತಿಲ ಹೊರಗೆ ತಲೆ ತಗ್ಗಿಸಿ ನಿಂತೇ ಇದ್ದೆ, ನಿಂತೇ ಇದ್ದೆ. ನಾದಿನಿ ಬೇಸತ್ತು, “ಯವ್ವಾ, ಈಕಿ ಹೆಸರ ಹೇಳೂದ್ರಾಗ ನಮ್ಮಣ್ಣಗ ಮೊಮ್ಮಕ್ಕಳಾಗತಾವು, ಒಳಗ ಬಿಡ್ರೆವ್ವ” ಅಂದಳು. ಹೇಳದೆಯೇ ಒಳಗೆ ಬಂದವಳು ನಾನು. ಆಮೇಲೂ ಹೇಳಲಿಲ್ಲ. ‘ಏನ್ರೀ’, ‘ಕೇಳಿದ್ರೇನ್ರೀ’ ಎಂಬುದರಲ್ಲೇ ಮೂವತ್ತೈದು ವರ್ಷ ನಡೆಯಿತು. ಅವರು ಆಗಾಗ, “ನಿಮ್ಮವ್ವಗ ನನ್ನ ಹೆಸರಾ ಗೊತ್ತಿಲ್ಲ ನೋಡು” ಅಂತ ಮಗಳ ಮುಂದೆ ಚಾಷ್ಟಿ ಮಾಡುತ್ತಿದ್ದರು.

ನಾವಿಬ್ಬರೇ ಊರು ನೋಡಲು ಹೋದದ್ದು ಜೀವನದಲ್ಲಿ ಎರಡೇ ಸಲ. ಮೊದಲನೆಯದು ಮದುವೆಯಾದ ವರ್ಷ. ತವರಿನಿಂದ ಬರುವಾಗ ಮಸ್ಕಿಯಲ್ಲಿ ಬಸ್ಸು ಬದಲಿಸಬೇಕಿತ್ತು. “ಬಸ್ಸಿಗೆ ಇನ್ನಾ ಟೈಮ್ ಐತಿ, ಅಶೋಕನ ಕಲ್ಲು ನೋಡಿ ಬರೂಣು ಬಾ” ಅಂದರು. ಅವರು ಮುಂದೆ, ಟ್ರಂಕಿನ ಬೀಗದ ಕೈ ಸೆರಗಿಗೆ ಕಟ್ಟಿಕೊಂಡು ನಾನು ಹಿಂದೆ. ಗುಡ್ಡದ ಬುಡದ ಬಂಡೆಯ ಮೇಲಿನ ಅಕ್ಷರಗಳು ನನಗೆ ಓದಲು ಬರಲಿಲ್ಲ. ಅವರಿಗೂ ಬರುತ್ತಿರಲಿಲ್ಲ. ಆದರೆ ಬರುವವರಂತೆ ಬೆರಳಿಟ್ಟು, ಇಲ್ಲಿ ಹೀಗಿದೆ, ಇಲ್ಲಿ ಹಾಗಿದೆ ಎಂದು ತಿಳಿಸಿ ಹೇಳಿದರು. ನಾನು ನಂಬಿದೆ. ಬಸ್ಸು ಹೋಗಿಬಿಟ್ಟಿತ್ತು.

ಎರಡನೆಯದು ಬುಸಾನ್.

ಬೀಜ, ಗೊಬ್ಬರದ ಅಂಗಡಿಯವರಿಗೆ ಅದೊಂದು ಇದೆ. ಒಂದು ಕಂಪನಿಯ ಮಾಲನ್ನು ಹೆಚ್ಚು ಮಾರಿದರೆ ಆ ಕಂಪನಿಯವರು ಗಂಡ ಹೆಂಡತಿ ಇಬ್ಬರನ್ನೂ ಪರದೇಶಕ್ಕೆ ಕರೆದುಕೊಂಡು ಹೋಗುತ್ತಾರೆ. ಆ ವರ್ಷ ಕಾಲುವೆಗೆ ಎರಡೂ ಬೆಳೆಗೆ ನೀರು ಬಂದು ಭತ್ತದ ಸೀಮೆಯೆಲ್ಲ ಹಸಿರಾಗಿತ್ತು, ನಮ್ಮ ಅಂಗಡಿಯ ಮುಂದೆ ತುರ್ವಿಹಾಳದ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ಮುಂಗಾರು ಮಾರಾಟ ಶುರುವಾಗುವ ಮೊದಲು, ಬೇಸಿಗೆಯ ಕೊನೆಗೆ, ಕೊರಿಯಾಕ್ಕೆ ಹೊರಡಿ ಎಂದು ಕಾಗದ ಬಂತು. ನಾನು ಒಲ್ಲೆ ಅಂದೆ. “ನೀ ಬರಲಿಲ್ಲಂದ್ರ ನಾನೂ ಒಲ್ಲೆ” ಅಂದರು. ಅಷ್ಟಕ್ಕೆ ಮುಗಿಯಿತು. ಒಂದು ವಾರ ಕೂತು ಕಟಕ ರೊಟ್ಟಿ ತಟ್ಟಿದೆ, ಖಾರದ ಶೇಂಗಾ ಹಿಂಡಿ ಕುಟ್ಟಿದೆ, ಬೆಲ್ಲ ಹಾಕಿ ಶೇಂಗಾ ಉಂಡಿ ಕಟ್ಟಿದೆ. ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ತೆಗೆಸಿ ನೋಡಿದವನು ರೊಟ್ಟಿಯ ಗಂಟನ್ನು ಮೂಸಿ ನೋಡಿ ನಕ್ಕು ಬಿಟ್ಟುಕೊಟ್ಟ.

ಬುಸಾನಿನಲ್ಲಿ ಕೊನೆಯ ದಿನ ಯಾರು ಎಲ್ಲಿಗೆ ಬೇಕಾದರೂ ಹೋಗಬಹುದು ಅಂದರು. ಉಳಿದ ಅಂಗಡಿಯವರೆಲ್ಲ ಗೈಡಿನ ಜೊತೆ ದೊಡ್ಡ ಬಜಾರಿಗೆ ಹೊರಟರು. ನಿಮ್ಮ ಅಜ್ಜ, “ದುಕಾನ ನೋಡಾಕ ಇಷ್ಟ ದೂರ ಬರಬೇಕೇನು? ದಿನಾ ಅದರಾಗಾ ಕುಂದ್ರತೀನಿ. ನಾವು ಸಮುದ್ರ ನೋಡೂಣು” ಅಂದರು. ಅಲ್ಲಿಯವರೆಗೆ ಅವರೂ ಸಮುದ್ರ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ನಮ್ಮ ದೇಶದ ಸಮುದ್ರ ಬಿಟ್ಟು ಪರದೇಶದ್ದನ್ನು ಮೊದಲು ನೋಡಿದೆವು.

ಇಲ್ಲಿ ಒಂದು ಮಾತು ಸರಿಯಾಗಿ ತಿಳಿದುಕೊಳ್ಳಿ. ಅವರಿಗೆ ಆಗಲೇ ಸಕ್ಕರೆ ಕಾಯಿಲೆ ಇತ್ತು. ಬೆಳಿಗ್ಗೆ ಗುಳಿಗೆ ನುಂಗಿದರೆ ಹೊತ್ತಿಗೆ ಸರಿಯಾಗಿ ಉಣ್ಣಬೇಕು. ಉಣ್ಣದಿದ್ದರೆ ಸಕ್ಕರೆ ಒಮ್ಮೆಲೇ ಇಳಿದು ಕೈ ನಡುಗುತ್ತಿತ್ತು, ಬೆವರು ಕಿತ್ತು ಬರುತ್ತಿತ್ತು, ಬುದ್ಧಿ ಮಂಕಾಗುತ್ತಿತ್ತು. ಹಿಂದಿನ ವರ್ಷ ಒಮ್ಮೆ ಅಂಗಡಿಯಲ್ಲೇ ಗೊಬ್ಬರದ ಚೀಲಗಳ ಮೇಲೆ ಒರಗಿಬಿಟ್ಟಿದ್ದರು. ಇನ್ನೂ ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು. ಅಂದಿನಿಂದ ಅವರ ಅಂಗಿಯ ಜೇಬಿನಲ್ಲಿ ಯಾವಾಗಲೂ ಎರಡು ಪೆಪ್ಪರಮಿಂಟು ಇರುವಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಆ ದಿನ ಹೋಟೆಲಿನ ತಿಂಡಿಯಲ್ಲಿ ಎಲ್ಲದರಲ್ಲೂ ಮೀನು, ಮಾಂಸ. ಅವರು ಎರಡು ತುಂಡು ಬ್ರೆಡ್ಡು, ಒಂದು ಬಾಳೆಹಣ್ಣು ತಿಂದು ಗುಳಿಗೆ ನುಂಗಿದರು. “ಇಷ್ಟಾ ತಿಂದ್ರ ಹ್ಯಾಂಗ್ರೀ?” ಅಂದೆ. “ನಿನ್ನ ಚೀಲದಾಗ ರೊಟ್ಟಿ ಅದಾವಲ್ಲ. ಹನ್ನೆರಡಕ್ಕ ದಂಡ್ಯಾಗ ಕುಂತು ಉಣ್ಣೂಣು” ಅಂದರು. ಕಂಪನಿಯವರು ಕೊಟ್ಟಿದ್ದ ಜೇಬಿಲ್ಲದ ಟೀ ಶರ್ಟು ಹಾಕಿಕೊಂಡರು. ಪೆಪ್ಪರಮಿಂಟು ಹಳೆಯ ಅಂಗಿಯಲ್ಲಿ, ಗೂಟದ ಮೇಲೆ ಉಳಿಯಿತು. ರೊಕ್ಕವನ್ನೂ ನನ್ನ ಚೀಲದಲ್ಲೇ ಹಾಕಿದರು. ಫೋನು ಅವರ ಹತ್ತಿರ. ನನ್ನ ಫೋನು ಅಲ್ಲಿ ನಡೆಯುವುದಿಲ್ಲವೆಂದು ಸಿಂಧನೂರಿನಲ್ಲೇ ಬಿಟ್ಟು ಬಂದಿದ್ದೆ.

ಹೋಟೆಲಿನವರು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಅದನ್ನು ತೋರಿಸುತ್ತ ನೆಲದೊಳಗಿನ ರೈಲು ಹತ್ತಿದೆವು, ಆಮೇಲೆ ಬಸ್ಸು. ಮೊದಲು ಹೋದದ್ದು ಸಮುದ್ರದ ಅಂಚಿನ ಒಂದು ಬುದ್ಧನ ಗುಡಿಗೆ. ಗುಡಿಗೆ ಹತ್ತಿ ಹೋಗುವುದು ನಮಗೆ ಗೊತ್ತು, ಅಲ್ಲಿ ಇಳಿದು ಹೋಗಬೇಕು. ಕಲ್ಲು ಮೆಟ್ಟಿಲು ಇಳಿದು ತಿರುಗಿದರೆ, ಮರಗಳ ಸಂದಿಯಲ್ಲಿ ನೀರು. ನಾನು ಕೆರೆ ನೋಡಿದ್ದೆ, ಕಾಲುವೆ ತುಂಬಿ ಹರಿಯುವುದನ್ನು ನೋಡಿದ್ದೆ. ಅವುಗಳಿಗೆ ಆಚೆ ದಡ ಇರುತ್ತದೆ. ಇದಕ್ಕೆ ಇರಲಿಲ್ಲ. ಅಲೆ ಬಂದು ಬಂಡೆಗೆ ಬಡಿದಾಗ ನಾನು ಕಂಬ ಹಿಡಿದುಕೊಂಡೆ.

“ಏನಂತೀ?” ಅಂತ ಅವರು ಕೇಳಿದರು.

“ಇಷ್ಟ್ ನೀರು ಯಾರಿಗೂ ಬ್ಯಾಡಾಗಿ ಬಿದ್ದೈತೇನ್ರೀ?”

“ಉಪ್ಪು ನೀರಲೇ. ನಮ್ಮ ಕಾಲುವಿ ನೀರು ಮುಟ್ಟದ ಟೇಲೆಂಡಿನ ರೈತರಿಗೆ ತೋರಿಸಬೇಕು, ಇದನ್ನೂ ಬಿಡ್ರಿ ಕಾಲುವಿಗೆ ಅಂತ ಧರಣಿ ಕುಂದ್ರತಾರ.”

ಅಲ್ಲಿ ಬಂಗಾರದ ಬಣ್ಣದ ಬುದ್ಧನ ಮುಂದೆ ಜನ ಕೈಮುಗಿಯುತ್ತಿದ್ದರು. ನಾನೂ ಮುಗಿದೆ. ಅವರು ಪಕ್ಕದಲ್ಲಿದ್ದ ಕೊರಿಯಾದ ಮುದುಕನೊಬ್ಬನಿಗೆ, ನಮ್ಮ ಮಸ್ಕಿಯಲ್ಲಿ ಅಶೋಕನ ಕಲ್ಲಿದೆ, ಬುದ್ಧನ ಮಾತು ದೂರ ದೂರ ಮುಟ್ಟಲು ಆತನೇ ಕಾರಣ, ಎಂದು ಕನ್ನಡದಲ್ಲೇ ವಿವರಿಸಿದರು. ಮುದುಕ ಎಲ್ಲವನ್ನೂ ಕೇಳಿ ಬಾಗಿ ವಂದಿಸಿದ. “ನೋಡು, ಪಕ್ಕಾ ತಿಳೀತು ಆತಗ” ಅಂದರು ನಿಮ್ಮ ಅಜ್ಜ. ಅವರಿಗೆ ಆ ದಿನ ಎಷ್ಟು ಖುಷಿಯಾಗಿತ್ತೆಂದರೆ, ನಾನು ಗಡಿಯಾರ ನೋಡುವುದನ್ನು ಮರೆತೆ.

ದೊಡ್ಡ ದಂಡೆಗೆ ಬಂದಾಗ ಹನ್ನೆರಡಾಗಿತ್ತು. ನಾನು ಚೀಲ ಬಿಚ್ಚಹೋದೆ. “ತಡಿ, ಕಾಲು ತೋಯಿಸಿಕೊಂಡು ಬಂದು ಉಣ್ಣೂಣು, ಐದು ನಿಮಿಷ” ಅಂದರು. ಅಲ್ಲೊಂದು ಜಾತ್ರೆಯಷ್ಟು ಜನ. ಉಸುಕಿನಲ್ಲಿ ಆನೆ, ಕೋಟೆ, ಮನುಷ್ಯರ ಮುಖ ಎಲ್ಲ ಮಾಡಿ ನಿಲ್ಲಿಸಿದ್ದರು, ಅದನ್ನು ನೋಡಲು ಬಂದವರು. ಎಲ್ಲರಂತೆ ನಾವೂ ಚಪ್ಪಲಿ ಬಿಟ್ಟೆವು. ಎರಡೂ ಜೊತೆಯನ್ನು ನಾನು ಕೈಯಲ್ಲಿ ಹಿಡಿದುಕೊಂಡೆ. ಅವರು ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು ಮುಂದೆ ನಡೆದರು.

ನಾನು ಅವರ ಪಕ್ಕದಲ್ಲಿ ನಡೆದವಳಲ್ಲ. ಹತ್ತು ಹೆಜ್ಜೆ ಹಿಂದೆ, ತಲೆ ತಗ್ಗಿಸಿ, ಅವರ ಹಿಮ್ಮಡಿ ನೋಡಿಕೊಂಡು ನಡೆಯುವುದು. ಸಂತೆಯಲ್ಲೂ ಹಾಗೇ, ಲಿಂಗಸುಗೂರಿನ ಮದುವೆಗಳಿಗೆ ಹೋದಾಗಲೂ ಹಾಗೇ. ಅವರ ಚಪ್ಪಲಿಯ ಎಡಗಡೆ ಸವೆದ ಅಂಚನ್ನು ಸಾವಿರ ಜನರಲ್ಲಿ ಗುರುತಿಸುತ್ತಿದ್ದೆ. ಆ ಚಪ್ಪಲಿ ಈಗ ನನ್ನ ಕೈಯಲ್ಲೇ ಇತ್ತು. ದಂಡೆಯ ತುಂಬ ಮಡಚಿದ ಪ್ಯಾಂಟುಗಳು, ಒದ್ದೆ ಉಸುಕು ಮೆತ್ತಿದ ಕಾಲುಗಳು. ನಾನು ಒಂದು ಜೊತೆ ಕಾಲುಗಳ ಹಿಂದೆ ತುಂಬಾ ದೂರ ನಡೆದೆ. ಇಷ್ಟು ದೂರ ಯಾಕೆ ಹೋಗುತ್ತಿದ್ದಾರೆ ಅನಿಸಿತು, ಆದರೆ ಹಿಂದಿನಿಂದ ಕೂಗಿ ಕೇಳುವ ಅಭ್ಯಾಸ ಇಲ್ಲವಲ್ಲ. ಕೊನೆಗೆ ಆ ಕಾಲುಗಳು ನಿಂತವು. ತಲೆಯೆತ್ತಿದರೆ ಯಾರೋ ಪರಕೀಯ. ಆತ ನನ್ನನ್ನು, ನನ್ನ ಕೈಯ ನಾಲ್ಕು ಚಪ್ಪಲಿಗಳನ್ನು ನೋಡಿ ಬಾಗಿ ವಂದಿಸಿದ. ನಾನೂ ಬಾಗಿದೆ. ತಿರುಗಿ ನೋಡಿದರೆ ದಂಡೆ ಎರಡೂ ಕಡೆ ಒಂದೇ ತರಹ, ಅವರು ಎಲ್ಲೂ ಇಲ್ಲ.

ನನ್ನ ಹೆಗಲಲ್ಲಿ ರೊಟ್ಟಿ, ಉಂಡಿ, ರೊಕ್ಕ. ಅವರ ಹತ್ತಿರ ನೀರು ಕೊಳ್ಳಲು ಒಂದು ಕಾಸೂ ಇಲ್ಲ. ಬಂದ ದಾರಿಯಲ್ಲಿ ಓಡಿದೆ, ಆಮೇಲೆ ಇನ್ನೊಂದು ಕಡೆ ಓಡಿದೆ. ಉಸುಕಿನಲ್ಲಿ ಓಡಿದರೆ ಓಡಿದಂತೆ ಆಗುವುದಿಲ್ಲ. “ಏನ್ರೀ, ಏನ್ರೀ” ಎಂದು ಕರೆದೆ. ನನಗೇ ಕೇಳುವಷ್ಟು ಮಾತ್ರ.

ಹಳದಿ ಅಂಗಿ ಹಾಕಿಕೊಂಡಿದ್ದ ಒಬ್ಬ ಹೆಂಗಸು ನನ್ನನ್ನು ನೋಡಿದಳು. ಹೆಚ್ಚು ಕಡಿಮೆ ನನ್ನ ವಯಸ್ಸಿನವಳೇ, ಕನ್ನಡಕ ಹಾಕಿದ್ದಳು. ಏನೂ ಕೇಳದೆ ನನ್ನ ಕೈ ಹಿಡಿದು ಹಳದಿ ಬಾಗಿಲಿನ ಒಂದು ಸಣ್ಣ ಕೋಣೆಗೆ ಕರೆದುಕೊಂಡು ಹೋದಳು. ದಂಡೆಯಲ್ಲಿ ತಪ್ಪಿಸಿಕೊಂಡ ಮಕ್ಕಳನ್ನು ಕೂರಿಸುವ ಕೋಣೆ ಅದು. ಗೋಡೆಯ ತುಂಬ ಮೀನಿನ ಚಿತ್ರ, ಕೆಂಪು ನೀಲಿ ಪುಟ್ಟ ಕುರ್ಚಿಗಳು. ಒಂದರಲ್ಲಿ ನನ್ನನ್ನು ಕೂರಿಸಿದಳು. ಮೇಜಿನ ಮೇಲೆ ಮೈಕು. ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆ.

ಅವಳು ತನ್ನ ಫೋನಿಗೆ ಏನೋ ಹೇಳಿ ನನ್ನ ಮುಂದೆ ಹಿಡಿದಳು. ಫೋನಿನೊಳಗಿನಿಂದ ಒಂದು ಹೆಣ್ಣು ದನಿ, “ನೀವು ಯಾರನ್ನು ಹುಡುಕುತ್ತಿದ್ದೀರಿ?” ಅಂದಿತು. ಕನ್ನಡ! ಪುಸ್ತಕದ ಕನ್ನಡ, ಆದರೂ ಕನ್ನಡ. ನನಗೆ ಅಳು ಬಂತು.

“ನಮ್ಮ ಮಗಳ ಅಪ್ಪ” ಅಂದೆ. ನಾವು ಹಾಗೇ ಅಲ್ಲವೇ ಹೇಳುವುದು.

ಅವಳು ಫೋನು ನೋಡಿ ಗಾಬರಿಯಾದಳು. ಏನೋ ಬರೆದುಕೊಳ್ಳಲು ಶುರು ಮಾಡಿದಳು. “ಮಗುವಿನ ವಯಸ್ಸು ಎಷ್ಟು?” ಅಂದಿತು ಫೋನು.

“ಮೂವತ್ತೆರಡು.”

ಅವಳು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದಳು. ಮಗಳು ಸಿಂಧನೂರಿನಲ್ಲಿದ್ದಾಳೆ, ತಪ್ಪಿಸಿಕೊಂಡದ್ದು ಅವಳಲ್ಲ ಎಂದು ತಿಳಿಸುವುದರಲ್ಲಿ ಎಷ್ಟೋ ಹೊತ್ತು ಹೋಯಿತು. ಕೊನೆಗೆ ಫೋನು ಕೇಳಿತು: “ನಿಮ್ಮ ಗಂಡನ ಹೆಸರು ಏನು?”

ನಾನು ತಲೆ ತಗ್ಗಿಸಿದೆ.

ಅವಳು ಮತ್ತೆ ಕೇಳಿದಳು. ನಾನು ಮೇಜಿನ ಮೇಲಿದ್ದ ಮಕ್ಕಳ ಬಣ್ಣದ ಪೆನ್ಸಿಲು ತೆಗೆದುಕೊಂಡು ಕಾಗದದ ಮೇಲೆ ಹೆಸರು ಬರೆದೆ. ಬರೆಯಲು ನನಗೆ ಎಂದೂ ನಾಚಿಕೆಯಿಲ್ಲ. ಅವಳು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕನ್ನಡದ ಅಕ್ಷರ ಅವಳಿಗೆ ಹೇಗೆ ಬರಬೇಕು? ಇಂಗ್ಲಿಷಿನಲ್ಲಿ ಬರೆ ಎಂದು ಸನ್ನೆ ಮಾಡಿದಳು. ನಮ್ಮ ಶಾಲೆಯಲ್ಲಿ ಇಂಗ್ಲಿಷಿನ ಮಾಸ್ತರರ ಜಾಗ ನಾನು ಕಲಿತಷ್ಟು ಕಾಲವೂ ಖಾಲಿಯೇ ಇತ್ತು. ಅವರ ಫೋನ್ ನಂಬರು ಕೇಳಿದಳು. ನನ್ನ ಫೋನಿನಲ್ಲಿ ಅವರ ಫೋಟೋ ಒತ್ತಿದರೆ ಹತ್ತುತ್ತಿತ್ತು, ಅಂಕಿಗಳು ಯಾರಿಗೆ ಗೊತ್ತು?

ಬಾಯಿ ತೆರೆದು ಒಂದು ಹೆಸರು ಹೇಳಿದ್ದರೆ ಆಗುತ್ತಿತ್ತು. ಅಲ್ಲಿ ನನ್ನ ಅತ್ತೆ ಇರಲಿಲ್ಲ, ನಾದಿನಿಯರು ಇರಲಿಲ್ಲ, ಕನ್ನಡ ತಿಳಿಯುವ ಒಂದು ಹುಳವೂ ಇರಲಿಲ್ಲ. ಅವರ ಕೈ ನಡುಗುತ್ತಿರಬಹುದು ಎಂದು ಗೊತ್ತಿತ್ತು. ಗೊಬ್ಬರದ ಚೀಲಗಳ ಮೇಲೆ ಒರಗಿದ ಅವರ ಮುಖ ಕಣ್ಣ ಮುಂದೆಯೇ ಇತ್ತು. ಆದರೂ ಹೆಸರು ಬಾಯಿಗೆ ಬರಲಿಲ್ಲ. ಹೆಸರೆತ್ತಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನನ್ನ ಅವ್ವ ಹೇಳಿದ್ದಳು. ಹೇಳಿದರೆ ಆಯುಷ್ಯ ಹೋಗುತ್ತದೆ, ಹೇಳದಿದ್ದರೆ ಈಗಲೇ ಹೋಗುತ್ತದೆ. ನಾನು ಆ ಪುಟ್ಟ ಕುರ್ಚಿಯಲ್ಲಿ ಕೂತು ಚಪ್ಪಲಿಗಳನ್ನು ಎದೆಗೆ ಒತ್ತಿಕೊಂಡು ಅಳುತ್ತಿದ್ದೆ. ಮಕ್ಕಳೇ, ಅಜ್ಜ ಬಿಟ್ಟ ಅರ್ಧ ಇದು.

ಅಷ್ಟರಲ್ಲಿ ಅಳುತ್ತಿದ್ದ ಒಂದು ಕೂಸನ್ನು ತಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ನಾಲ್ಕು ವರ್ಷದ ಹೆಣ್ಣುಮಗು ಇರಬೇಕು. ಹಳದಿ ಅಂಗಿಯವಳು ಬಗ್ಗಿ ಏನೋ ಕೇಳಿದಳು. ಮಗು ಬಿಕ್ಕುತ್ತಲೇ ತನ್ನ ಹೆಸರು ಹೇಳಿತು, ಅವ್ವನ ಹೆಸರನ್ನೂ ಹೇಳಿರಬೇಕು. ಮೈಕಿನಲ್ಲಿ ಕೂಗಿದರು. ಎರಡು ನಿಮಿಷವೂ ಆಗಿರಲಿಲ್ಲ, ತಾಯಿ ಓಡಿ ಬಂದು ಬಾಚಿಕೊಂಡಳು. ಹೋಗುವಾಗ ಮಗು ಅವಳ ಹೆಗಲ ಮೇಲಿನಿಂದ ನನ್ನನ್ನು ನೋಡಿತು. ಕುರ್ಚಿಯಲ್ಲಿ ನಾನೊಬ್ಬಳೇ ಉಳಿದಿದ್ದೆ. ಗಡಿಯಾರದಲ್ಲಿ ಒಂದೂಕಾಲು.

ಎದ್ದು ಹೋಗಿ ಮೈಕಿನ ಮುಂದೆ ನಿಂತೆ. ಹಳದಿ ಅಂಗಿಯವಳು ಗುಂಡಿ ಒತ್ತಿ ತಲೆಯಾಡಿಸಿದಳು. “ಏನ್ರೀ” ಅಂದೆ. ಹೊರಗೆ ದಂಡೆಯ ಉದ್ದಕ್ಕೂ ನನ್ನ ದನಿ ‘ಏನ್ರೀ’ ಎಂದು ಹೋಯಿತು. ಬರಿದೇ ಹೆಸರು ಆಗಲೂ ಬರಲಿಲ್ಲ. ಹೊಸ್ತಿಲ ಮೇಲೆ ಬರದ ಒಡಪು ಅಲ್ಲಿ ಹೇಗೆ ಬಂತೋ ನನಗೆ ಇಂದಿಗೂ ತಿಳಿಯದು. ಕಣ್ಣು ಮುಚ್ಚಿಕೊಂಡೆ:

“ಕಾಲುವಿ ನೀರಿಗೆ ಬೆಳದೈತಿ ಸಿಂಧನೂರ ಭತ್ತ,
……… ಅವರು ಎಲ್ಲಿದ್ರೂ ಬರ್ಲಿ ನನ್ನತ್ತ.”

ಚುಕ್ಕಿ ಇಟ್ಟ ಜಾಗದಲ್ಲಿ ನಾನು ಹೇಳಿದ ಹೆಸರು ನಿಮಗೆ ಗೊತ್ತಿದೆ. ಎರಡನೆಯ ಸಲ ಹೇಳುವಾಗ ದನಿ ದೊಡ್ಡದಾಯಿತು. ಮೂರನೆಯ ಸಲ ಹೇಳಿದ ಮೇಲೆ ಧೈರ್ಯ ಬಂತು. “ಉಸುಕಿನ ಆನಿ ಐತಲ್ರೀ, ಅದರ ಸೊಂಡಿ ಯಾಕಡಿ ಐತೋ ಆಕಡಿ ಬರ್ರಿ, ಹಳದಿ ಬಾಗಲದ ಖೋಲಿ. ಜಲ್ದಿ ಬರ್ರಿ. ಉಂಡಿ ನನ್ನತ್ರಾ ಅದಾವು” ಅಂದೆ. ಅದನ್ನೂ ದಂಡೆಯವರೆಲ್ಲ ಕೇಳಿದರು.

ತಾವು ಬಂದದ್ದನ್ನು ನಿಮ್ಮ ಅಜ್ಜ ನಿಮಗೆ ಹೇಗೆ ಹೇಳುತ್ತಿದ್ದರು? ಓಡಿ ಬಂದೆ, ಮೈಕು ಕಸಿದುಕೊಂಡು ನಾನೂ ಒಂದು ಒಡಪು ಹೇಳಬೇಕು ಅಂತಿದ್ದೆ, ಅಂತ. ಅವರು ಓಡಿ ಬರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು. ಟೀ ಶರ್ಟು ಬೆವರಿನಿಂದ ಮೈಗೆ ಅಂಟಿತ್ತು, ತುಟಿ ಬಿಳಿಚಿತ್ತು, ನನ್ನನ್ನು ನೋಡಿ ಯಾರೆಂದು ಒಂದು ಗಳಿಗೆ ತಿಳಿಯಲಿಲ್ಲ. ನಾನು ಉಂಡಿ ಮುರಿದು ಬಾಯಿಗೆ ಇಟ್ಟೆ. ಅಗಿಯಲು ಶಕ್ತಿ ಇರಲಿಲ್ಲ. ಹಳದಿ ಅಂಗಿಯವಳಿಗೆ ಅರ್ಥವಾಯಿತು, ಏನೋ ಸಿಹಿ ನೀರಿನ ಬಾಟಲಿ ತಂದಳು. ನಾನು ಅವರ ತಲೆಯನ್ನು ಹೊಟ್ಟೆಗೆ ಒರಗಿಸಿಕೊಂಡು ಗುಟುಕು ಗುಟುಕಾಗಿ ಕುಡಿಸಿದೆ, ನಡುವೆ ಉಂಡಿ ತಿನ್ನಿಸಿದೆ. ಅಪರಿಚಿತರ ಮುಂದೆ ಅವರನ್ನು ಮುಟ್ಟಿದ್ದು ಅದೇ ಮೊದಲು. ಆಗ ಅದರ ನೆನಪೂ ಆಗಲಿಲ್ಲ.

ಕಾಲು ಗಂಟೆಯ ಮೇಲೆ ಅವರ ಕಣ್ಣಿಗೆ ಬೆಳಕು ಬಂತು. ಸುತ್ತ ನೋಡಿದರು, ಪುಟ್ಟ ಕುರ್ಚಿಗಳನ್ನು ನೋಡಿದರು.

“ನಿನ್ನ ಬಾಲವಾಡಿಗಿ ಹಾಕ್ಯಾರೇನು?” ಅಂದರು.

ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. “ಸುಮ್ನ ಕುಂದರ್ರಿ.”

“ಖರೇನ ನೀನಾ ಅಂದಿ ಅದನ್ನ?”

“ಮತ್ತ ಯಾರಂತಾರ್ರೀ ಇಲ್ಲಿ?”

“ನನಗ ತೆಲಿ ಕೆಟ್ಟು ಏನೇನರ ಕೇಳಾಕತ್ತೈತಿ ಅನ್ಕಂಡಿದ್ದೆ. ಆಮ್ಯಾಲ ಅನ್ಕಂಡೆ, ಇಲ್ಲ, ಕನಸಿನ್ಯಾಗ ಸುದ್ದಾ ಈಕಿ ಒಮ್ಮೆ ನನ್ನ ಹೆಸರ ಅಂದಿಲ್ಲ, ಖರೇನ ಇರಬೇಕು ಅಂತ. ಎದ್ದು ಬಂದೆ.”

“ಎಲ್ಲಿದ್ರಿ?”

“ಅಲ್ಲೇ ಒಂದು ಗ್ವಾಡಿ ನೆಳ್ಳಿಗೆ ಕುಂತಿದ್ದೆ. ಏಳಾಕಾಗಿರಲಿಲ್ಲ.”

ರೊಟ್ಟಿ ಬಿಚ್ಚಿದೆ. ಹಳದಿ ಅಂಗಿಯವಳಿಗೂ ಒಂದು ಕೊಟ್ಟೆ, ಮೇಲೆ ಕೆಂಪು ಹಿಂಡಿ ಹಾಕಿ. ನಮ್ಮ ಖಾರಕ್ಕೆ ಕಣ್ಣೀರು ಹಾಕುತ್ತಾಳೆ ಅಂದುಕೊಂಡೆ. ಅವಳು ಚಪ್ಪರಿಸಿ ತಿಂದು ಇನ್ನಷ್ಟು ಹಿಂಡಿ ಹಾಕು ಎಂದು ಕೈ ಚಾಚಿದಳು. “ನಮ್ಮ ಮಂದಿ ಇದ್ದಂಗ ಅದಾಳಲ್ಲಲೇ” ಅಂದರು ಅವರು. ಉಳಿದ ಹಿಂಡಿಯನ್ನು ಅವಳಿಗೇ ಕಟ್ಟಿಕೊಟ್ಟು ಬಂದೆ. ಅವಳ ಹೆಸರು ಕೇಳಬೇಕೆಂದು ಈಗ ಅನಿಸುತ್ತದೆ. ಆಗ ತೋಚಲಿಲ್ಲ.

ಸಂಜೆ ದೋಣಿ ಹತ್ತಬೇಕೆಂದಿದ್ದದ್ದನ್ನು ಬಿಟ್ಟೆವು. ದಂಡೆಯ ಮೇಲಿನ ಒಂದು ಬೆಂಚಿನ ಮೇಲೆ ಕೂತೆವು, ಅಕ್ಕಪಕ್ಕ. ಬಿಸಿಲು ಇಳಿಯುತ್ತಿತ್ತು, ಜನ ಉಸುಕಿನ ಆನೆಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವರು ತಮ್ಮ ಫೋನ್ ನಂಬರನ್ನು ನನಗೆ ಬಾಯಿಪಾಠ ಮಾಡಿಸಿದರು, ಮಗ್ಗಿ ಹೇಳಿಕೊಟ್ಟಂತೆ. ತಪ್ಪಿದಾಗಲೆಲ್ಲ, “ಏಳನೇ ಕ್ಲಾಸು ಹ್ಯಾಂಗ ಪಾಸಾದಿಯಲೇ?” ಅನ್ನುತ್ತಿದ್ದರು. ನಂಬರು ಸರಿಯಾಗಿ ಬಂದ ಮೇಲೆ, “ಇನ್ನೊಮ್ಮೆ ಅನ್ನು” ಅಂದರು. ನಾನು ನಂಬರು ಹೇಳಿದೆ. “ಅದಲ್ಲ” ಅಂದರು. ನಾನು ಸಮುದ್ರ ನೋಡಿದೆ.

“ಊರಿಗೆ ಹೋದಮ್ಯಾಲ ಈ ಸಕ್ಕರಿ ಇಳಿದದ್ದು ಯಾರಿಗೂ ಹೇಳಬ್ಯಾಡ. ಮಗಳು ಗಾಬರಿ ಆಗತಾಳ, ಆಮ್ಯಾಲ ನನ್ನ ಮಸ್ಕಿಗೆ ಸುದ್ದಾ ಕಳಸಂಗಿಲ್ಲ” ಅಂದರು.

“ನೀವು ಒಡಪಿಂದು ಹೇಳಬ್ಯಾಡ್ರಿ, ನಾ ಸಕ್ಕರೀದು ಹೇಳಂಗಿಲ್ಲ.”

“ಅದು ಆಗಂಗಿಲ್ಲ. ಒಡಪಿಂದು ಹೇಳಾಕಬೇಕು.”

ನಾನು ಅಷ್ಟು ಹೊತ್ತೂ ಕೇಳಬೇಕೆಂದಿದ್ದದ್ದನ್ನು ಕೇಳಿದೆ. “ಆ ಗ್ವಾಡಿ ಬಾಜೂಕ ಎಷ್ಟೊತ್ತು ಕುಂತಿದ್ರಿ?”

ಅವರು ನನ್ನ ಕಡೆ ನೋಡಲಿಲ್ಲ. “ಹತ್ತು ನಿಮಿಷ ಕುಂತಿರಬೇಕು” ಅಂದರು.

ಕೋಣೆಯ ಗಡಿಯಾರದಲ್ಲಿ ನಾನು ಹೋದಾಗ ಎಷ್ಟಾಗಿತ್ತು, ಮೈಕಿನ ಮುಂದೆ ನಿಂತಾಗ ಎಷ್ಟಾಗಿತ್ತು ಎಂಬುದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಿತ್ತು. “ಹತ್ತಾ ನಿಮಿಷ ಅಲ್ರೀ?” ಅಂದೆ. “ಹೂಂ, ಹತ್ತಾ” ಅಂದರು.

ಮುಂದೆ ಎಷ್ಟೋ ವರ್ಷ, ಎಷ್ಟೋ ಜನರ ಮುಂದೆ ಅವರು ಕಥೆ ಹೇಳಿದರು. ಪ್ರತಿ ಸಲವೂ ಉಸುಕಿನ ಆನೆ ಇನ್ನಷ್ಟು ದೊಡ್ಡದಾಗುತ್ತಿತ್ತು, ನನ್ನ ದನಿ ಇನ್ನಷ್ಟು ದೂರ ಕೇಳುತ್ತಿತ್ತು. ಹತ್ತು ನಿಮಿಷ ಮಾತ್ರ ಹತ್ತೇ ಉಳಿಯಿತು. ನಾನು ಅಡುಗೆಮನೆಯಿಂದ ಅದನ್ನೊಂದನ್ನೇ ಕಿವಿಗೊಟ್ಟು ಕೇಳುತ್ತಿದ್ದೆ.

ಅದು ಮುಕ್ಕಾಲು ಗಂಟೆ, ಮಕ್ಕಳೇ.